ದುಂಡಮ್ಮ ಗುಡ್ಡೆ ಬಾಡು ವಾಪಸು ಕೇಳಿದ ಹೊಸತೊಡಕು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಕೇಳಿದರೆ ನಮ್ಮಜ್ಜಿ ಗದರಿಬಿಡುತ್ತಿದ್ದಳು, ಅಷ್ಟು ಹಿಂದೆ, ಇದೇ ಮೂಡಬಾರೆ ಅನ್ನುವ ಊರಿನಲ್ಲಿ ದುಂಡಮ್ಮ ಅನ್ನುವವಳೊಬ್ಬಳು ಇದ್ದಳಂತೆ. ಆಗ ಊರಿಗೆ ಗಾಡಿದಾರಿ ಕೂಡ ಸರಿಯಾಗಿ ಇರಲಿಲ್ಲವಂತೆ. ಕೊಟ್ಟದ್ದಕ್ಕೂ ತಗೊಂಡದ್ದಕ್ಕೂ ರಾಗಿಯನ್ನೇ ಅಳೆಯುತ್ತಿದ್ದರಂತೆ. ಈ ಕತೆಯನ್ನು ಊಟಕ್ಕೆ ಕೂತಾಗ ಹೇಳಬಾರದು ಅಂತ ಹಿರಿಯರು ಅನ್ನುತ್ತಿದ್ದರು. ನೀವೆಲ್ಲ ಉಂಡೇ ಬಂದಿದ್ದೀರಿ ಅಂದುಕೊಂಡು ಹೇಳುತ್ತಿದ್ದೇನೆ. ಹೆದರುವವರು ಈಗಲೇ ಎದ್ದು ಹೋಗಿ, ಮಧ್ಯದಲ್ಲಿ ನನ್ನ ಸೆರಗು ಹಿಡಿದುಕೊಳ್ಳಬೇಡಿ.

ದುಂಡಮ್ಮನ ಗಂಡ ಮೊಗಣ್ಣ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಒಂದು ತುಂಡು ಹೊಲ, ಒಂದು ಹಿಂಡು ಕುರಿ, ಅಂಗಳದ ತುಂಬ ಕೋಳಿ, ಇಷ್ಟೇ ಅವರ ಬದುಕು. ಊರ ಮೂಡಲಿಗೆ ಕಲ್ಲೂ ಹುಲ್ಲೂ ತುಂಬಿದ ಇಳಿಜಾರು ಇದೆಯಲ್ಲ, ಅದೇ ಬಾರೆ. ಕುರಿಗಳು ಬೆಳಗಾದರೆ ಬಾರೆಗೆ ಹತ್ತುತ್ತಿದ್ದವು, ಹೊತ್ತು ಮುಳುಗಿದರೆ ಹಟ್ಟಿಗೆ ಇಳಿಯುತ್ತಿದ್ದವು. ಹಿಂಡಿ ಇಲ್ಲ, ಬೂಸ ಇಲ್ಲ. ಬಾರೆಯ ಹುಲ್ಲು, ಬಾರೆಯ ಸೊಪ್ಪು, ಕಟ್ಟೆಯ ನೀರು. ದುಂಡಮ್ಮನ ಕುರಿಯ ಬಾಡು ಬೆಂದರೆ ಆ ಘಮಕ್ಕೆ ಉಪವಾಸದವರೂ ಬೀದಿಗೆ ಬಂದು ನಿಲ್ಲುತ್ತಿದ್ದರು ಅಂತಾರೆ. ಒಂದು ತುಂಡು ಬಾಯಿಗೆ ಹಾಕಿಕೊಂಡು ಕುರಿ ಯಾವ ಮಗ್ಗುಲಲ್ಲಿ ಮೇದಿತ್ತು ಅಂತ ಹೇಳಿಬಿಡುತ್ತಿದ್ದಳು ಅಂತಲೂ ಅಂತಾರೆ. ಇದನ್ನು ನಾನು ನಂಬುವುದಿಲ್ಲ. ಆದರೆ ಹೇಳುವವರು ಹಾಗೆ ಹೇಳುತ್ತಾರೆ.

ಸಂತೆಯ ದಳ್ಳಾಳಿಗಳು ಬಂದು ಕೇಳಿದರೂ ಅವಳು ಒಂದು ಮರಿಯನ್ನೂ ಅವರಿಗೆ ಕೊಡುತ್ತಿರಲಿಲ್ಲವಂತೆ. ಯಾರು ತಿನ್ನುತ್ತಾರೆ ಅಂತ ಗೊತ್ತಿಲ್ಲದೆ ಹೇಗೆ ಕೊಡಲಿ ಅನ್ನುತ್ತಿದ್ದಳಂತೆ. ಮೊಟ್ಟೆಯಾಗಲಿ, ಕೋಳಿಯಾಗಲಿ, ಬಾಡಾಗಲಿ, ಅವಳ ಕೈಯಿಂದ ನೇರವಾಗಿ ತಿನ್ನುವವರ ಕೈಗೇ ಹೋಗಬೇಕು. ಕುರಿ ಕಡಿದ ದಿನ ಬಾಡನ್ನು ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಗುಡ್ಡೆಯಾಗಿ ಹಾಕುತ್ತಿದ್ದಳು. ಮನೆಗೊಂದು ಗುಡ್ಡೆ. ಎಲ್ಲ ಗುಡ್ಡೆಯೂ ಸಮ, ಆದರೆ ಯಾರ ಮನೆಯಲ್ಲಿ ಹಲ್ಲಿಲ್ಲದವರಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಲ್ಲ ಅವಳಿಗೆ ಗೊತ್ತು. ಹಲ್ಲಿಲ್ಲದವರಿಗೆ ಮೆತ್ತನೆಯದು, ಬಾಣಂತಿಗೆ ಕಾಲು. ಇಡೀ ಊರಿನ ಬಾಯಿ ಅವಳ ಮನಸ್ಸಿನಲ್ಲಿ ಇತ್ತು.

ಇನ್ನೊಂದು ಪದ್ಧತಿ ಇತ್ತು. ಅದನ್ನು ನೀವು ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಗುಡ್ಡೆ ಹಂಚುವ ಮುಂಚೆ ಅದೇ ಕುರಿಯ ತೊಡೆಯ ಒಂದು ತುಂಡನ್ನು ಕೆಂಡದ ಮೇಲೆ ಸುಟ್ಟು, ಕುರಿ ಸಾಕಿದವನು ಎಲ್ಲರ ಎದುರಿಗೆ ತಿನ್ನಬೇಕು. ನುಂಗಿ, ಬಾಯಿ ತೆರೆದು ತೋರಿಸಬೇಕು. ಇದನ್ನು ಬಾಯಿಸಾಕ್ಷಿ ಅನ್ನುತ್ತಿದ್ದರಂತೆ. ಸಾಕಿದವನೇ ತಿಂದ ಮೇಲೆ ಇನ್ನೇನು ಅನುಮಾನ? ಮೊಗಣ್ಣ ತಿನ್ನುತ್ತಿದ್ದ, ಬಾಯಿ ತೆರೆಯುತ್ತಿದ್ದ, ಜನ ನಗುತ್ತ ಗುಡ್ಡೆ ಎತ್ತಿಕೊಂಡು ಹೋಗುತ್ತಿದ್ದರು. ವರ್ಷಾನುಗಟ್ಟಲೆ ಹೀಗೇ ನಡೆದಿತ್ತು.

ಈಗ ಮುಚ್ಚುಗುಂಡಿಯ ವಿಷಯ ಹೇಳಬೇಕು. ಬಾರೆಯ ಬಡಗಲ ತುದಿಯಲ್ಲಿ, ಮೊಗಣ್ಣನ ಅಪ್ಪನ ಕಾಲದಲ್ಲಿ, ಒಂದು ಗುಂಡಿ ತೆಗೆದು ರೋಗ ಬಂದು ಸತ್ತ ಕುರಿಗಳನ್ನು ಹೂತಿದ್ದರಂತೆ. ಆ ರೋಗದ ಹೆಸರು ನೆರಡಿ. ಒಂದು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳಿಸಬೇಡಿ. ಆಗಿನವರು ಹೆಸರು ಎತ್ತದೆ 'ಅದು' ಅಂತಷ್ಟೇ ಅನ್ನುತ್ತಿದ್ದರು. ಬೆಳಿಗ್ಗೆ ನೆಟ್ಟಗೆ ಮೇದ ಕುರಿ ಮಧ್ಯಾಹ್ನಕ್ಕೆ ಬಿದ್ದಿರುತ್ತದೆ. ಹೊಟ್ಟೆ ಊದಿರುತ್ತದೆ. ಮೂಗಿನಿಂದ ಕಪ್ಪು ರಕ್ತ ಹರಿಯುತ್ತದೆ, ಆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ಮುಟ್ಟಿದವನ ಕೈಯಲ್ಲಿ ಕಪ್ಪು ಹುಣ್ಣು ಏಳುತ್ತದೆ. ತಿಂದವನ ವಿಷಯ ಕೇಳಬೇಡಿ. ಹೂತರೂ ಅದು ಸಾಯುವುದಿಲ್ಲವಂತೆ, ಮಣ್ಣಿನಲ್ಲಿ ಕಾದುಕೊಂಡು ಮಲಗಿರುತ್ತದಂತೆ, ಮಳೆ ಬಿದ್ದಾಗ ಹುಲ್ಲಿನ ಜೊತೆ ಮೇಲೆ ಬರುತ್ತದಂತೆ. ಅದಕ್ಕೇ ಆ ಗುಂಡಿಯ ಸುತ್ತ ಕಲ್ಲು ಜೋಡಿಸಿದ್ದರು. ಕಲ್ಲಿನೊಳಗೆ ಯಾವ ಕುರಿಯೂ ಬಾಯಿ ಹಾಕಬಾರದು. ಎಲ್ಲ ಕಡೆ ಒಣಗಿದಾಗಲೂ ಅಲ್ಲಿ ಮಾತ್ರ ಹುಲ್ಲು ದಟ್ಟವಾಗಿ ಹಸುರಾಗಿ ಇರುತ್ತಿತ್ತಂತೆ. ದುಂಡಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಅಡುಗೆಮನೆ ತೋರಿಸುವ ಮುಂಚೆ ಆ ಕಲ್ಲುಗಳನ್ನು ತೋರಿಸಿದ್ದಳಂತೆ. ಅಂದಿನಿಂದ ದುಂಡಮ್ಮ ಆ ಕಡೆ ಮುಖ ಹಾಕಿ ಕೂಡ ಕೂರುತ್ತಿರಲಿಲ್ಲ.

ಆ ವರ್ಷ ಶಿವರಾತ್ರಿ ಹೊತ್ತಿಗೇ ಬಾರೆಯ ಹುಲ್ಲು ಸವೆದು ಹೋಗಿತ್ತು. ಆಮೇಲೆ ಒಂದು ಮಳೆ ಬಂತು, ನೆಲ ಒದ್ದೆಯಾಗುವಷ್ಟು. ಮತ್ತೆ ಬರಲಿಲ್ಲ. ಕುರಿಗಳು ಸ್ವಲ್ಪ ಸೊರಗಿದ್ದವು, ಅಷ್ಟೇ. ಸತ್ತಿರಲಿಲ್ಲ, ಕೆಟ್ಟಿರಲಿಲ್ಲ. ಆದರೆ ಹೊಸತೊಡಕು ಹತ್ತಿರ ಬರುತ್ತಿತ್ತು. ಯುಗಾದಿ ದಿನ ಹೋಳಿಗೆ, ಮಾರನೆಯ ದಿನ ಹೊಸತೊಡಕು, ಅಂದು ಬಾಡು. ಅಂದು ಬಾಡು ಬೇಯದ ಮನೆ ನಮ್ಮ ಕಡೆ ಮನೆಯೇ ಅಲ್ಲ. ಅಂದು ಏನಾಗುತ್ತದೋ ವರ್ಷವೆಲ್ಲ ಅದೇ ಆಗುತ್ತದೆ ಅನ್ನುತ್ತಾರೆ. ಅಂದು ಅಳಬಾರದು, ಜಗಳ ಆಡಬಾರದು, ಕೊಟ್ಟದ್ದನ್ನು ವಾಪಸು ಕೇಳಬಾರದು, ಒಲೆಯ ಮೇಲಿನ ಪಾತ್ರೆಯನ್ನು ಬೇಯುವ ಮುಂಚೆ ಇಳಿಸಬಾರದು.

ಹಬ್ಬಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಮೊಗಣ್ಣ ಹೊಸತೊಡಕಿಗೆಂದು ಕೆಲವು ಟಗರುಗಳನ್ನು ಆರಿಸಿ ಬೇರೆ ಕಟ್ಟಿದ್ದ. ಅಷ್ಟರಲ್ಲಿ ತಿಬ್ಬಜ್ಜಿ ಬಂದಳು. ತಿಬ್ಬಜ್ಜಿ ಅಂದರೆ ನಡುಬೀದಿಯ ಮುದುಕಿ, ಬಾಯಿ ಜೋರು, ಗುಡ್ಡೆ ಎತ್ತಿಕೊಳ್ಳುವುದರಲ್ಲಿ ಯಾವಾಗಲೂ ಮೊದಲಿಗಳು. ಅವಳು ಟಗರಿನ ಪಕ್ಕೆ ತಿವಿದು ನೋಡಿ, "ಏನಪ್ಪ ಮೊಗಣ್ಣ, ಇದು ಟಗರೋ ಏಣಿಯೋ? ಇದ್ನ ಒರಗಿಸ್ಕಂಡು ಅಟ್ಟ ಹತ್ಬೋದು ಕಣೋ," ಅಂದಳಂತೆ. ಅಂಗಳದಲ್ಲಿದ್ದವರೆಲ್ಲ ನಕ್ಕರು. ದುಂಡಮ್ಮನೂ ನಕ್ಕಳು. ಮೊಗಣ್ಣ ನಗಲಿಲ್ಲ. ತನ್ನ ಕುರಿಯ ಬಾಡಿನ ಬಗ್ಗೆ ಅವನಿಗೆ ಅಷ್ಟು ಜಂಬ. ಊರಿನ ಬಾಯಿಗೆ ಸಪ್ಪೆ ಬಾಡು ಹಾಕಿದೆ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಅಂದುಕೊಳ್ಳುವ ಜಾತಿಯವನು. ಅಯ್ಯೋ, ಆ ಮಾತನ್ನು ಅವನು ಅಂದುಕೊಳ್ಳಬಾರದಿತ್ತು.

ಹೊಸತೊಡಕಿನ ದಿನ ಬೆಳಿಗ್ಗೆ ಅಂಗಳ ತುಂಬಿತು. ಮೊಗಣ್ಣ ಒಂದು ಟಗರು ಕಡಿದ. ಮೈ ತುಂಬಿಕೊಂಡ ಟಗರು. ತಿಬ್ಬಜ್ಜಿಯೇ ಮೂಗಿನ ಮೇಲೆ ಬೆರಳಿಟ್ಟುಕೊಂಡು, ಇದಕ್ಕೆ ಏನು ತಿನ್ನಿಸಿದೆಯೋ ಅಂದಳಂತೆ. ಮೊಗಣ್ಣ ಕತ್ತಿ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿದ. ದುಂಡಮ್ಮ ತೊಡೆಯ ತುಂಡು ಸುಟ್ಟು ಕೊಟ್ಟಳು. ಅವನು ಬಾಯಿಗೆ ಹಾಕಿಕೊಂಡ, ಅಗಿದ. ತುಂಬ ಹೊತ್ತು ಅಗಿದ. ಗಂಟಲು ಮೇಲೆ ಕೆಳಗೆ ಆಡಿತು, ಆದರೂ ನುಂಗಲಿಲ್ಲ. ದುಂಡಮ್ಮ ಅವನ ಮುಖ ನೋಡಿದಳು, ಅವನು ಅವಳನ್ನು ನೋಡಲಿಲ್ಲ. ಹಲ್ಲು ನೋವಿರಬೇಕು ಅಂದುಕೊಂಡಳಂತೆ ಪಾಪ. ಕೊನೆಗೆ ನುಂಗಿದ, ಬಾಯಿ ತೆರೆದು ತೋರಿಸಿದ. ಜನ ತಮ್ಮ ತಮ್ಮ ಗುಡ್ಡೆ ಕಟ್ಟಿಕೊಂಡು ಮನೆಗೆ ಹೋದರು. ಊರ ಯಜಮಾನ ಸಿಂಗ್ರಿಗೌಡನ ಸೊಸೆ ಹೆತ್ತು ಇನ್ನೂ ಎದ್ದು ಓಡಾಡುತ್ತಿರಲಿಲ್ಲ. ಅವಳಿಗೆಂದು ದುಂಡಮ್ಮ ಕಾಲುಗಳನ್ನು ಬೇರೆ ಎಲೆಯಲ್ಲಿ ಕಟ್ಟಿ ಕಳಿಸಿದಳು.

ಅಂಗಳ ತೊಳೆದು, ಉಳಿದ ಕುರಿಗಳನ್ನು ಬಾರೆಗೆ ಹೊಡೆಯೋಣ ಅಂತ ದುಂಡಮ್ಮ ಹಟ್ಟಿಗೆ ಹೋದಳು. ಬೇರೆ ಕಟ್ಟಿದ್ದ ಟಗರುಗಳಲ್ಲಿ ಒಂದು ಮಲಗಿತ್ತು. ಕಾಲು ನೀಡಿಕೊಂಡಿತ್ತು. ಹೊಟ್ಟೆ ಊದಿತ್ತು. ಅವಳು ಬಗ್ಗಿ ನೋಡಿದಳು. ಮೂಗಿನಿಂದ ಕಪ್ಪು ರಕ್ತ ಹರಿದು ನೆಲದ ಮೇಲೆ ನಿಂತಿತ್ತು, ಹೆಪ್ಪುಗಟ್ಟಿರಲಿಲ್ಲ.

ಅವಳು ಕಿರುಚಲಿಲ್ಲವಂತೆ. ಹಿಂದಿನಿಂದ ಮೊಗಣ್ಣ ಬಂದು ನಿಂತ. ಅವಳು ತಿರುಗಿ ಅವನ ಮುಖ ನೋಡಿದಳು, ಅಷ್ಟರಲ್ಲೇ ಅವಳಿಗೆ ಅರ್ಧ ತಿಳಿಯಿತು.

"ರಾತ್ರಿ ಹೊತ್ತು ಈ ಟಗರ್ನ ಮುಚ್ಚುಗುಂಡಿಗೆ ಬುಟ್ಟಿದ್ದೆ ಕಣಮ್ಮಿ," ಅಂದ. "ಅಲ್ಲೊಂದು ಕಡೆನೇ ಹಸುರಿತ್ತು."

"ಅದ್ನೇ ತಿಂದ್ಯಲ್ಲ. ನನ್ ಕಣ್ಮುಂದೇನೇ ತಿಂದ್ಯಲ್ಲ."

"ಎಲ್ರೂ ನನ್ ಬಾಯ್ನೇ ನೋಡ್ತಿದ್ರು. ತಿನ್ದೇ ಇದ್ರೆ ಗೊತ್ತಾಗೋಗ್ತಿತ್ತು."

ಆಮೇಲೆ ಅವನು ಬಡಬಡನೆ ಮಾತಾಡಿದನಂತೆ. ಕಡಿದ ಟಗರು ಚೆನ್ನಾಗೇ ಇತ್ತು, ಬೆಳಿಗ್ಗೆ ಮೆಲುಕು ಹಾಕುತ್ತಿತ್ತು, ಅದಕ್ಕೆ ಏನೂ ತಗುಲಿರಲಿಕ್ಕಿಲ್ಲ. ತಗುಲಿದ್ದರೂ ಬೆಂದ ಮೇಲೆ ಏನೂ ಆಗುವುದಿಲ್ಲ. ಸತ್ತದ್ದನ್ನು ಸದ್ದಿಲ್ಲದೆ ಹೂತುಬಿಡೋಣ. ಈಗ ಬಾಯಿ ಬಿಟ್ಟರೆ ಈ ಊರಿನಲ್ಲಿ ನಮ್ಮ ಕೈಯಿಂದ ಒಂದು ಮೊಟ್ಟೆಯನ್ನೂ ಯಾರೂ ತಗೊಳ್ಳುವುದಿಲ್ಲ. ಅದೂ ಹೊಸತೊಡಕಿನ ದಿನ. ಹೀಗೆಲ್ಲ ಹೇಳುತ್ತ ಅವಳ ಕೈ ಹಿಡಿದುಕೊಂಡನಂತೆ. ಹೇಳುತ್ತಿದ್ದ ಮಾತನ್ನು ಅವನೇ ನಂಬಿರಲಿಲ್ಲ, ಅವಳಿಗೆ ಗೊತ್ತಾಯಿತು.

ದುಂಡಮ್ಮ ಊರ ಕಡೆ ನೋಡಿದಳು. ಒಂದೊಂದೇ ಮನೆಯ ಮೇಲೆ ಹೊಗೆ ಏಳುತ್ತಿತ್ತು. ಯಾವ ಹೊಗೆ ಯಾರ ಮನೆಯದು ಅವಳಿಗೆ ಗೊತ್ತು. ಯಾವ ಪಾತ್ರೆಯಲ್ಲಿ ಯಾವ ತುಂಡು ಬೇಯುತ್ತಿದೆ, ಅದು ಯಾರ ಬಾಯಿಗೆ ಹೋಗುತ್ತದೆ, ಎಲ್ಲ ಗೊತ್ತು. ಆ ಮೆತ್ತನೆಯದು ಹಲ್ಲಿಲ್ಲದ ಅಜ್ಜನಿಗೆ. ಆ ಮೂಳೆ ಹಠ ಮಾಡುವ ಮಗುವಿಗೆ. ಆ ಕಾಲು ಬಾಣಂತಿಗೆ, ಬಾಣಂತಿಯ ಎದೆಹಾಲು ಹಸುಗೂಸಿಗೆ. ಗಂಡನ ಕೈ ಬಿಡಿಸಿಕೊಂಡು ಓಡಿದಳು.

ಅವಳ ಕಾಲು ನೆಲಕ್ಕೆ ತಾಗಲಿಲ್ಲ ಅಂತಾರೆ. ತಾಗಿರಬೇಕು, ಯಾಕೆಂದರೆ ದಾರಿಯಲ್ಲಿ ಎಡವಿ ಬಿದ್ದು ಹೆಬ್ಬೆರಳಿನ ಉಗುರು ಕಿತ್ತುಕೊಂಡಿದ್ದಳು ಅಂತಲೂ ಅಂತಾರೆ.

ಮೊದಲ ಮನೆ ತಿಬ್ಬಜ್ಜಿಯದು. ಎಸರು ಕುದಿಯುತ್ತಿತ್ತು. ಇಳಿಸಜ್ಜಿ, ಆ ಬಾಡು ತಿನ್ನಬೇಡ, ವಾಪಸು ಕೊಡು, ನಮ್ಮ ಟಗರಿಗೆ 'ಅದು' ಬಂದಿದೆ ಅಂದಳು ದುಂಡಮ್ಮ. ತಿಬ್ಬಜ್ಜಿ ಮೊದಲು ನಕ್ಕಳು. ಹೊಸತೊಡಕಿನ ದಿನ ಇದೇನು ತಮಾಷೆ ಅಂದಳು. ಆಮೇಲೆ ಸಿಟ್ಟಾದಳು. ಕೊಟ್ಟ ಬಾಡು ವಾಪಸು ಕೇಳುತ್ತಿದ್ದೀಯ, ಅದೂ ಇವತ್ತು, ವರ್ಷವೆಲ್ಲ ನಮ್ಮ ಮನೆಯಲ್ಲಿ ಪಾತ್ರೆ ಬರಿದಾಗಲಿ ಅಂತಲೇ ಅಂದಳು. ದುಂಡಮ್ಮ ಮತ್ತೆ ಮತ್ತೆ ಅದನ್ನೇ ಹೇಳಿದಳು.

"ನಿನ್ ಗಂಡ ಈಗ್ ತಾನೆ ನಮ್ಮೆಲ್ರ ಎದುರ್ಗೂ ತಿಂದ್ನಲ್ಲವ್ವ," ಅಂದಳು ತಿಬ್ಬಜ್ಜಿ. "ಬಾಯಿ ತೆಗ್ದು ತೋರಿಸ್ನಲ್ಲ. ಅವ್ನಿಗಾಗ್ದಿದ್ದು ನಮ್ಗಾಯ್ತದಾ?"

ಯಾವ ಬಾಯಿಸಾಕ್ಷಿಯನ್ನು ನಂಬಿ ಊರು ಅವಳ ಕೈಯಿಂದ ತಿನ್ನುತ್ತಿತ್ತೋ ಅದೇ ಬಾಯಿಸಾಕ್ಷಿ ಈಗ ಅವಳ ಮಾತಿಗೆ ಅಡ್ಡ ನಿಂತಿತು. ಅವಳು ಮಾತು ಬಿಟ್ಟು ಒಲೆಗೆ ಕೈ ಹಾಕಿದಳು. ಕುದಿಯುವ ಮಡಕೆಯನ್ನು ಬರಿಗೈಯಲ್ಲಿ ಎತ್ತಿ ಹಿತ್ತಲಿಗೆ ತಂದು ಬೋರಲು ಹಾಕಿದಳು. ಕೈ ಸುಡಲಿಲ್ಲ, ಮಾರಮ್ಮ ಕಾಪಾಡಿದಳು ಅಂತ ಕೆಲವರು ಹೇಳುತ್ತಾರೆ. ಸುಟ್ಟಿತು. ಅಂಗೈ ಚರ್ಮ ಮಡಕೆಗೇ ಅಂಟಿಕೊಂಡು ಬಂತು. ಆಮೇಲೆ ಅವಳು ಬದುಕಿರುವ ತನಕ ಆ ಕೈ ಪೂರ್ತಿ ಮಡಚುತ್ತಿರಲಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ತಿಬ್ಬಜ್ಜಿ ಬೀದಿಗೆ ಬಂದು ಬಾಯಿ ಬಡಿದುಕೊಂಡಳು. ಜನ ಸೇರಿದರು. ದುಂಡಮ್ಮನಿಗೆ ಹುಚ್ಚು ಹಿಡಿದಿದೆ ಅಂದರು, ಯಾವುದೋ ಗಾಳಿ ಬಡಿದಿದೆ ಅಂದರು, ಹೊಸತೊಡಕಿನ ದಿನ ಊರಿಗೆ ಕೇಡು ತಂದಳು ಅಂದರು. ಅವಳು ಪಕ್ಕದ ಮನೆಗೆ ನುಗ್ಗಲು ಹೋದರೆ ಆ ಮನೆಯವರು ಅಗಣಿ ಹಾಕಿಕೊಂಡರು. ಅದರ ಪಕ್ಕದವರೂ ಹಾಕಿಕೊಂಡರು. ಬೀದಿಯ ಉದ್ದಕ್ಕೂ ಬಾಗಿಲು ಮುಚ್ಚುವ ಸದ್ದು. ಮುಚ್ಚಿದ ಒಂದೊಂದು ಬಾಗಿಲಿನ ಹಿಂದೆಯೂ ಅವಳ ಬಾಡು ಬೇಯುತ್ತಿತ್ತು. ಆ ಘಮ ಬೀದಿಗೆಲ್ಲ ಹರಡಿತ್ತು.

ಸಿಂಗ್ರಿಗೌಡ ಬಂದ. ದೊಡ್ಡ ಮನುಷ್ಯ, ಒಳ್ಳೆಯವನೇ, ಆದರೆ ಏನಿದ್ದರೂ ನಿಧಾನ. ಇರಿ, ವಿಚಾರಿಸೋಣ ಅಂದ. ಎಲ್ಲರ ಮಾತು ಒಂದೊಂದಾಗಿ ಕೇಳಿದ. ದುಂಡಮ್ಮ ಕೈ ನೋವಿಗೆ ಅತ್ತಿತ್ತ ಓಲಾಡುತ್ತಿದ್ದಳು. ಕೊನೆಗೆ ಅವನು, ಮೊಗಣ್ಣ ತಿಂದದ್ದನ್ನು ನಾನೂ ಕಣ್ಣಾರೆ ನೋಡಿದ್ದೇನೆ, ತಿಂದವನ ಮಾತು ನಂಬುತ್ತೇನೆ, ತಿನ್ನದವಳ ಮಾತು ಹೇಗೆ ನಂಬಲಿ ಅಂದ. "ಮೊಗಣ್ಣನ್ನ ಕರ್ಕಂಡ್ ಬಾರವ್ವ. ಅವ್ನ್ ಬಾಯಲ್ಲೇ ಹೇಳ್ಸು."

ದುಂಡಮ್ಮ ವಾಪಸು ಓಡಿದಳು. ಅವನು ಬರುತ್ತಾನೋ ಇಲ್ಲವೋ ಅನ್ನುವ ಒಂದೇ ಭಯ. ಅವನು ಬರದಿದ್ದರೆ ಊರು ಉಣ್ಣಲು ಕೂರುತ್ತದೆ. ಮನೆಯಲ್ಲಿ ಅವನಿರಲಿಲ್ಲ. ಅಂಗಳದಲ್ಲಿ ಇರಲಿಲ್ಲ. ಹಟ್ಟಿಯಲ್ಲಿ ಸತ್ತ ಟಗರಿನ ಪಕ್ಕದಲ್ಲಿ ಇನ್ನೊಂದು ಬಿದ್ದಿತ್ತು. ಅದರಾಚೆ, ಗೋಡೆಯ ಮೂಲೆಯಲ್ಲಿ, ಮೊಗಣ್ಣ ಕಂಬಳಿ ಹೊದ್ದು ಮುದುಡಿ ಕೂತಿದ್ದ. ಅವಳು ಅವನ ಜುಟ್ಟು ಹಿಡಿದು ಎಳೆದುಕೊಂಡು ಬಂದಳು ಅಂತ ಹೇಳುವವರಿದ್ದಾರೆ. ಹಾಗಾಗಿರಲಾರದು, ಸುಟ್ಟ ಕೈಯಲ್ಲಿ ಯಾರನ್ನು ಎಳೆಯಲು ಆಗುತ್ತದೆ? ಅವಳು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳಂತೆ. ಅಳಲಿಲ್ಲವಂತೆ.

"ನೀ ತಿಂದಿದ್ದು ತಿಂದಾಯ್ತು," ಅಂದಳಂತೆ. "ಅವ್ರಿನ್ನೂ ತಿಂದಿಲ್ಲ. ಏಳು."

ಅವನು ಅವಳ ಅಂಗೈ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಎದ್ದ.

ನನಗೆ ಮೊಗಣ್ಣನ ಮೇಲೆ ಸಿಟ್ಟಿದೆ. ಈ ಕತೆ ಹೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಆದರೆ ಅವನು ಅಂದು ಎದ್ದು ನಡೆದನಲ್ಲ, ಆ ನಡಿಗೆ ನೆನೆದರೆ ಅಯ್ಯೋ ಪಾಪ ಅನ್ನಿಸುತ್ತದೆ. ಜನ ಎರಡೂ ಕಡೆ ನಿಂತು ನೋಡುತ್ತಿದ್ದರು. ಮೊದಲ ಬಾಗಿಲಲ್ಲಿ ಅವನ ದನಿಯೇ ಹೊರಡಲಿಲ್ಲ. ಏನಂದ, ಏನಂದ ಅಂತ ಜನ ಕೇಳಿದರು. ಅವನು ಇನ್ನೊಂದು ಸಲ ಹೇಳಬೇಕಾಯಿತು.

"ಮುಚ್ಚುಗುಂಡೀಲಿ ಮೇದಿದ್ ಕುರಿ ಅದು. ಗೊತ್ತಿದ್ದೂ ನಿಮ್ಮೆದ್ರಿಗೆ ತಿಂದೆ. ನೀವು ತಿನ್ಬ್ಯಾಡಿ."

ಒಳಗಿನಿಂದ ಅಗಣಿ ತೆಗೆಯುವ ಸದ್ದಾಯಿತು. ಒಬ್ಬಳು ಮಡಕೆ ಎತ್ತಿಕೊಂಡು ಬಂದು, ಹಾವಿರುವ ಬುಟ್ಟಿಯನ್ನು ಇಡುವ ಹಾಗೆ ದೂರದಲ್ಲಿಟ್ಟು ಹಿಂದೆ ಸರಿದಳು. ಮುಂದಿನ ಬಾಗಿಲಿಗೆ ಹೋಗಿ ಅವನು ಅದೇ ಮಾತು ಹೇಳಿದ. ಅದರ ಮುಂದಿನ ಬಾಗಿಲಿಗೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಜೋರಾಯಿತಂತೆ. ಒಂದೊಂದು ಬಾಗಿಲಲ್ಲೂ ಒಂದೊಂದು ಮುಖ ಬಿಳಿಚಿಕೊಂಡಿತಂತೆ.

ಆಗ ದುಂಡಮ್ಮ ಸಿಂಗ್ರಿಗೌಡನ ಕಡೆ ತಿರುಗಿದಳು. "ಗೌಡ್ರೇ, ನಿಮ್ಮನೇಲಿ ಕಾಲ್ಸಾರು!" ಅಂದಳು.

ಬಾಣಂತಿಯ ಕೋಣೆ. ಗಾಳಿ ತಾಗಬಾರದು ಅಂತ ಬಾಗಿಲು, ಕಿಂಡಿ ಎಲ್ಲ ಮುಚ್ಚಿರುತ್ತಾರೆ. ಬೀದಿಯ ಯಾವ ಮಾತೂ ಅಲ್ಲಿಗೆ ಕೇಳುವುದಿಲ್ಲ. ಇಷ್ಟು ಹೊತ್ತು ವಿಚಾರಿಸೋಣ ವಿಚಾರಿಸೋಣ ಅಂತ ನಿಂತಿದ್ದ ಗೌಡ ಪಂಚೆ ಎತ್ತಿಕೊಂಡು ಓಡಿದ. ದುಂಡಮ್ಮ ಅವನಿಗಿಂತ ಮುಂದೆ ಓಡಿದಳು. ಕತ್ತಲೆ ಕೋಣೆಯಲ್ಲಿ ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬಟ್ಟಲನ್ನು ತುಟಿಗೆ ಇಟ್ಟುಕೊಂಡಿದ್ದಳು. ದುಂಡಮ್ಮ ಬಟ್ಟಲಿಗೆ ಹೊಡೆದಳು. ಸಾರು ಗೋಡೆಗೆ ಚೆಲ್ಲಿತು. ಕುಡಿದೆಯೇನವ್ವ, ಕುಡಿದೆಯೇನವ್ವ ಅಂತ ಕೇಳಿದಳು. ಬಿಸಿ ಇತ್ತು, ಊದುತ್ತಿದ್ದೆ, ಒಂದು ಗುಟುಕು ನಾಲಿಗೆಗೆ ತಾಗಿತೋ ಏನೋ ಅಂದಳು ಆ ಹುಡುಗಿ. ಹೇಳುತ್ತ ಹೇಳುತ್ತ ಅವಳಿಗೂ ಅರ್ಥವಾಗಿ, ಮಗುವನ್ನು ಎದೆಯಿಂದ ದೂರ ಹಿಡಿದುಕೊಂಡು ಅಳತೊಡಗಿದಳು.

ಮಡಕೆಗಳನ್ನೆಲ್ಲ ಊರಾಚೆಗೆ ಒಯ್ದರು. ಆಳು ಉದ್ದದ ಗುಂಡಿ ತೋಡಿದರು. ಸತ್ತ ಟಗರುಗಳನ್ನು ಕೋಲಿನಲ್ಲೇ ತಳ್ಳಿ ತಂದರು. ಒಂದೊಂದು ಮನೆಯಿಂದಲೂ ಒಲೆಯ ಸೌದೆ ತಂದು ಒಟ್ಟಿ ಬೆಂಕಿ ಕೊಟ್ಟರು. ಬಾಡು ಸುಡುವ ವಾಸನೆ ಊರ ಮೇಲೆ ಬಂತು. ವರ್ಷವೆಲ್ಲ ಕಾದು ಕೂತಿದ್ದ ಮಕ್ಕಳಿಗೆ ಆ ವಾಸನೆಗೆ ಬಾಯಲ್ಲಿ ನೀರೂರಿತಂತೆ, ದೊಡ್ಡವರು ಮೂಗು ಮುಚ್ಚಿಕೊಂಡರಂತೆ. ಬೂದಿಯ ಮೇಲೆ ಸುಣ್ಣ ಸುರಿದು ಮುಚ್ಚಿದರು. ಆ ಹೊಸತೊಡಕಿಗೆ ಊರೆಲ್ಲ ಉಪ್ಪು ಮೆಣಸಿನಕಾಯಿಯ ಜೊತೆ ಮುದ್ದೆ ಉಂಡಿತು.

ಆಮೇಲಿನ ದಿನಗಳಿವೆಯಲ್ಲ, ಅವು ಇನ್ನೂ ಕೆಟ್ಟವು. ಯಾರಾದರೂ ಕೆಮ್ಮಿದರೆ ಊರೆಲ್ಲ ಕಿವಿ ನಿಮಿರಿಸುತ್ತಿತ್ತಂತೆ. ಬೆಳಗಾದರೆ ಎಲ್ಲರೂ ಮೊದಲು ತಮ್ಮ ಅಂಗೈ ಮುಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದರಂತೆ. ಸೊಳ್ಳೆ ಕಚ್ಚಿದ ಗುಳ್ಳೆಗೂ ಹೆಂಗಸರು ಕೂತು ಅತ್ತರಂತೆ. ದುಂಡಮ್ಮ ಗೌಡನ ಮನೆಯ ಹೊರಗಿನ ಕಟ್ಟೆಗೆ ಹೋಗಿ ನಿಂತು, ಮಗು ಹಾಲು ಕುಡಿಯಿತೇ ಅಂತ ಕೇಳಿಕೊಂಡು ಬರುತ್ತಿದ್ದಳು. ಕುಡಿಯಿತು ಅಂದರೆ ತಿರುಗಿ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿದ್ದಳು. ಮನೆಯವರು ಬೇಸರ ಮಾಡಿಕೊಳ್ಳಲಿಲ್ಲ. ಅವರೂ ಅದನ್ನೇ ನೋಡುತ್ತ ಕೂತಿದ್ದರು.

ಆ ತಾಯಿಗೂ ಮಗುವಿಗೂ ಏನೂ ಆಗಲಿಲ್ಲ. ಊರಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಮೊಗಣ್ಣನ ಮಣಿಕಟ್ಟಿನ ಮೇಲೆ ಒಂದು ಗುಳ್ಳೆ ಎದ್ದಿತು. ನೋವಿಲ್ಲ ಅಂದ. ಅದರ ನಡುವೆ ಕಪ್ಪು ಕೂತಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದವನು ಏಳಲಿಲ್ಲ. ಹೋಗುವ ಮುಂಚೆ, ಬೇರೆ ಯಾರಿಗಾದರೂ ಏನಾದರೂ ಆಯಿತೇ ಅಂತ ಕೇಳಿದನಂತೆ. ಯಾರಿಗೂ ಏನೂ ಆಗಿಲ್ಲ ಅಂದಳಂತೆ ದುಂಡಮ್ಮ. ಅವನು ಕಣ್ಣು ಮುಚ್ಚಿಕೊಂಡ.

ಮುಂದಿನ ವರ್ಷವೆಲ್ಲ ದುಂಡಮ್ಮ ಒಬ್ಬಳೇ ಕುರಿ ಕಾದಳು. ಮುಚ್ಚುಗುಂಡಿಯ ಸುತ್ತ ಆಳೆತ್ತರ ಮುಳ್ಳು ಒಟ್ಟಿದಳು. ಜನ ಅವಳನ್ನು ಮಾತಾಡಿಸುತ್ತಿದ್ದರು, ಬಾಡಿನ ಮಾತು ಎತ್ತುತ್ತಿರಲಿಲ್ಲ. ಯಾರೂ ಮೊಟ್ಟೆ ಕೇಳಿಕೊಂಡು ಬರಲಿಲ್ಲ, ಅವಳೂ ಬುಟ್ಟಿ ಹೊತ್ತು ಬೀದಿಗೆ ಹೋಗಲಿಲ್ಲ. ಕುರಿಗಳನ್ನೆಲ್ಲ ಬಿಟ್ಟು ತವರಿಗೆ ಹೋಗಿಬಿಡಲೇ ಅಂದುಕೊಳ್ಳುತ್ತಿದ್ದಳಂತೆ. ಯುಗಾದಿ ಬಂತು. ಮಾರನೆಯ ಬೆಳಿಗ್ಗೆ ಅವಳು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ಹೊರಗೆ ಯಾರೋ ಅಂಗಳ ಗುಡಿಸುವ ಸದ್ದಾಯಿತು. ತೆಗೆದು ನೋಡಿದರೆ ತಿಬ್ಬಜ್ಜಿ, ಕಂಕುಳಲ್ಲಿ ಮುತ್ತುಗದ ಎಲೆಯ ಕಟ್ಟು. ಅವಳ ಹಿಂದೆ ಸಿಂಗ್ರಿಗೌಡ, ಗೌಡನ ಹಿಂದೆ ಊರು.

ಯಾರೋ ಟಗರು ಹಿಡಿದುಕೊಟ್ಟರು, ಯಾರೋ ಉಳಿದ ಕುರಿಗಳನ್ನು ಬಾರೆಗೆ ಹೊಡೆದರು, ಯಾರೋ ಕಡಿದುಕೊಟ್ಟರು. ದುಂಡಮ್ಮ ತೊಡೆಯ ತುಂಡು ಸುಟ್ಟಳು. ಗಂಡನಿಲ್ಲ, ತಾನೇ ತಿನ್ನಬೇಕು ಅಂತ ಬಾಯಿಗೆ ತಂದಳು. ತಿಬ್ಬಜ್ಜಿ ಅವಳ ಕೈ ಹಿಡಿದುಕೊಂಡು ಕೆಳಗಿಳಿಸಿದಳಂತೆ. "ಬ್ಯಾಡ ಕಣವ್ವ. ಬಾಯಿಸಾಕ್ಷಿ ಏನೂಂತ ನೋಡಿದ್ದಾಯ್ತು ನಾವು," ಅಂದಳಂತೆ. ಅವತ್ತಿಗೆ ಆ ಪದ್ಧತಿ ನಿಂತುಹೋಯಿತು. ಜನ ಸುಮ್ಮನೆ ಗುಡ್ಡೆ ಕಟ್ಟಿಕೊಂಡು ಹೋದರು.

ದುಂಡಮ್ಮ ಅಂಗಳದಲ್ಲಿ ಒಬ್ಬಳೇ ನಿಂತಳು. ತಗೊಂಡು ಹೋದರು ನಿಜ, ಮನೆಗೆ ಹೋಗಿ ತಿಪ್ಪೆಗೆ ಎಸೆಯುತ್ತಾರೋ ಏನೋ. ಅಥವಾ ತಿಂದು ಮತ್ತೆ ಏನಾದರೂ ಆದರೆ? ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಅಂತ ಅವಳಿಗೆ ತಿಳಿಯಲಿಲ್ಲ. ತಡೆಯಲಾರದೆ ಬೀದಿಗೆ ಹೋದಳು. ಎಲ್ಲ ಬಾಗಿಲೂ ತೆರೆದಿದ್ದವು. ಹೆಂಗಸರು ತಮ್ಮ ತಮ್ಮ ಜಗಲಿಯ ಮೇಲೆ ಕೂತಿದ್ದರು. ಒಬ್ಬೊಬ್ಬರ ಪಕ್ಕದಲ್ಲೂ ನೀರು ತುಂಬಿದ ಮಡಕೆ, ಎಲೆ ಬಿಚ್ಚದ ಗುಡ್ಡೆ. ಒಂದು ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಯಾಕೆ ಹೀಗೆ ಕೂತಿದ್ದೀರಿ ಅಂತ ಕೇಳಿದಳು.

"ನೀನೋಗಿ ಉಳಿದಿರೋ ಕುರಿ ನೋಡ್ಕಂಬಾ," ಅಂದಳು ಗೌಡನ ಸೊಸೆ. ಅವಳ ಮಗು ಅವಳ ಮಂಡಿ ಹಿಡಿದು ನಿಂತಿತ್ತು. "ನೀ ಬಂದು ಹೇಳು, ಆಮೇಲ್ ಹಚ್ತೀವಿ."

ದುಂಡಮ್ಮ ಬಾರೆ ಹತ್ತಿದಳು. ಕುರಿಗಳು ಹೊಂಗೆಯ ನೆರಳಿನಲ್ಲಿದ್ದವು. ಒಂದು ಕುರಿ ಕಾಲು ನೀಡಿ ಮಲಗಿತ್ತು. ಅವಳು ನಿಂತುಬಿಟ್ಟಳು. ಕೂಗಿ ನೋಡಿದಳು, ಅದು ಏಳಲಿಲ್ಲ. ಹತ್ತಿರ ಹೋಗಿ ಸೊಟ್ಟಗಾದ ತನ್ನ ಕೈಯನ್ನು ಅದರ ಹೊಟ್ಟೆಯ ಮೇಲಿಟ್ಟಳು. ಅದು ತಲೆ ಎತ್ತಿ ಅವಳನ್ನು ನೋಡಿ, ಎದ್ದು, ಮೈ ಕೊಡವಿಕೊಂಡು ಮೆಲುಕು ಹಾಕಿತು. ಒಂದೊಂದು ಕುರಿಯ ಮೂಗನ್ನೂ ಮುಟ್ಟಿ ನೋಡಿ ಅವಳು ಕೆಳಗೆ ಇಳಿದಳು. ಬೀದಿಯ ತಲೆಯಲ್ಲಿ ನಿಂತು ಬಾಯಿ ತೆರೆದರೆ ಅಳು ಬಂತು. ಹೊಸತೊಡಕಿನ ದಿನ ಅಳಬಾರದು ಅಂತ ಯಾರೂ ಅನ್ನಲಿಲ್ಲ. ಅತ್ತು ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳಂತೆ:

"ಒಲೆ ಹಚ್ರವ್ವೋ!"

ಇವತ್ತಿಗೂ ಮೂಡಬಾರೆಯಲ್ಲಿ ಹೊಸತೊಡಕಿನ ದಿನ ಬಾಡು ಮನೆಗೆ ಬಂದ ತಕ್ಷಣ ಯಾರೂ ಒಲೆ ಹಚ್ಚುವುದಿಲ್ಲ. ಈಗ ಬಾಡು ಪೇಟೆಯ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಯಾವ ಕುರಿ, ಎಲ್ಲಿ ಮೇದದ್ದು, ಯಾರಿಗೂ ಗೊತ್ತಿಲ್ಲ. ಒಲೆಗಳೂ ಈಗ ಗ್ಯಾಸಿನವು. ಆದರೂ ಎಲ್ಲ ಹೆಂಗಸರೂ ಜಗಲಿಗೆ ಬಂದು ಕೂರುತ್ತಾರೆ. ಊರಿನಲ್ಲಿ ಎಲ್ಲರಿಗಿಂತ ದೊಡ್ಡವಳು ಯಾರೋ ಅವಳು ಕೋಲು ಊರಿಕೊಂಡು ಬಾರೆ ಹತ್ತುತ್ತಾಳೆ. ಬಾರೆಯ ಮೇಲೆ ಈಗ ಒಂದು ಕುರಿಯೂ ಇಲ್ಲ. ಆದರೂ ಅವಳು ಮೇಲೆ ಹೋಗಿ, ಆ ಕಡೆ ಈ ಕಡೆ ಎಲ್ಲ ನೋಡಿಯೇ ಇಳಿದು ಬರುತ್ತಾಳೆ. ಅವಳು ಬಂದು ಕೂಗುವ ತನಕ ಊರು ಹಸಿದುಕೊಂಡು ಕೂತಿರುತ್ತದೆ.